ತುಂಗೆಯ ದಂಡೆಗೆ ಮುಂದಿನ ನಕ್ಷೆ ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಆ ಯೋಜನೆಯಲ್ಲಿ ಶಿವಮೊಗ್ಗದ ಪಾಲಿಗೆ ಬಂದ ಕೆಲಸಗಳಲ್ಲಿ ಜನ ದಿನಾ ಕಾಲಿಟ್ಟು ಬಳಸುತ್ತಿರುವುದು ಅಂದರೆ ತುಂಗೆಯ ಉತ್ತರ ದಂಡೆಯ ನಡಿಗೆ ದಾರಿ. ಯೋಜನೆ ಮುಗಿದರೂ ದಂಡೆ ಮುಗಿಯಲಿಲ್ಲವಲ್ಲ. ಅದನ್ನು ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ, ಉಳಿದ ದಂಡೆಗೆ ಏನು ಮಾಡುತ್ತಾರೆ, ವಿದ್ಯಾನಗರದ ಕಡೆಯ ನಮ್ಮ ಈಚೆ ದಡದ ಗತಿ ಏನು ಅನ್ನುವುದನ್ನು ಯಾರಾದರೂ ಒಂದು ಕಡೆ ಕೂತು ಬರೆದಿಡಬೇಕು. ಅದಕ್ಕೆ ಮೊದಲು ನನ್ನ ನಾಲ್ಕು ಮಾತಿಗೆ ನಿಮ್ಮ ಪತ್ರಿಕೆಯಲ್ಲಿ ಜಾಗ ಕೊಡಿ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ನನ್ನ ಪರಿಚಯಕ್ಕೆ ಹಾಕಿ, ನೆರೆಯ ವಿಷಯಕ್ಕೆ ಬೇಡ.

ನಾನು ಮಂಡ್ಲಿಯ ವಾಟರ್ ವರ್ಕ್ಸ್‌ನಲ್ಲಿ ಪಂಪ್ ಆಪರೇಟರ್ ಆಗಿದ್ದು ನಿವೃತ್ತನಾದವನು. ಊರಿಗೆ ನೀರೆತ್ತುವ ಕೆಲಸ. ಎಂಜಿನಿಯರ್ ಅಲ್ಲ, ಪರಿಸರ ಹೋರಾಟಗಾರನೂ ಅಲ್ಲ. ಆದರೆ ಹೊಳೆ ಇವತ್ತು ಎಷ್ಟಿದೆ, ಯಾವ ಬಣ್ಣದಲ್ಲಿದೆ, ರಾತ್ರಿಗೆ ಏರುತ್ತದೋ ಇಳಿಯುತ್ತದೋ ಎಂದು ನೋಡುವುದೇ ನನ್ನ ಸರ್ವಿಸ್ ಪೂರ್ತಿ ನನ್ನ ಡ್ಯೂಟಿಯಾಗಿತ್ತು. ಜೂನ್‌ನಲ್ಲಿ ಹೊಸ ನೀರು ಬಂದ ದಿನ ಹೊಳೆ ಕೆಂಪಗೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆವತ್ತಿನಿಂದ ನೀರಿನ ಕೆಸರು ತಳ ಸೇರಿಸಲು ಹಾಕುವ ಪಟಿಕದ ಲೆಕ್ಕ ಬದಲಾಗುತ್ತದೆ, ಫಿಲ್ಟರ್ ಬೆಡ್ ಮತ್ತೆ ಮತ್ತೆ ತೊಳೆಯಬೇಕು, ಹೊಳೆಯ ನೀರೆತ್ತುವ ಬಾವಿಯಾದ ಜಾಕ್‌ವೆಲ್ಲಿನ ಜಾಲರಿಗೆ ಸಿಕ್ಕಿದ ಬಿದಿರು, ಬಾಳೆದಿಂಡು, ಚಪ್ಪಲಿ, ಕೆಲವು ಸಲ ಸತ್ತ ಕರು, ಎಲ್ಲವನ್ನೂ ಎಳೆದು ಹಾಕಬೇಕು. ಈಗ ವಿದ್ಯಾನಗರದಲ್ಲಿ ಮನೆ. ಸಂಜೆ ಸೇತುವೆ ದಾಟಿ ಹೋಗಿ ಆಚೆ ದಂಡೆಯಲ್ಲಿ ನಡೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಆ ನಡಿಗೆ ದಾರಿ ನನಗೆ ಇಷ್ಟ. ಮೊದಲು ಊರು ಹೊಳೆಗೆ ಬೆನ್ನು ಹಾಕಿ ಕೂತಿತ್ತು. ಮನೆಯ ಹಿಂಬಾಗಿಲು, ಕಸ, ಕಟ್ಟಡದ ಮಣ್ಣು ಎಲ್ಲ ಹೊಳೆಯ ಕಡೆಗೇ. ಈಗ ಸಂಜೆ ಹೋದರೆ ಮಕ್ಕಳು, ಮುದುಕರು, ಬುರ್ಖಾ ಹಾಕಿದ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಕೈಯಲ್ಲಿ ಕಡಲೆಪುರಿ ಪೊಟ್ಟಣ ಹಿಡಿದ ಸಂಸಾರಗಳು ಎಲ್ಲ ಒಂದೇ ದಾರಿಯಲ್ಲಿ ಓಡಾಡುತ್ತಾರೆ. ನಮ್ಮ ಊರಿನಲ್ಲಿ ಎಲ್ಲರೂ ಹೀಗೆ ಒಟ್ಟಿಗೆ ನಡೆಯುವ ಜಾಗ ಎಷ್ಟಿವೆ ಎಂದು ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮಾಡಿದ್ದನ್ನು ಹಳಿಯಲು ಈ ಪತ್ರವಲ್ಲ. ಮುಂದಿನದನ್ನೂ ಇದೇ ಅಚ್ಚಿನಲ್ಲಿ ಎರಕ ಹೊಯ್ಯಬೇಡಿ, ದಂಡೆಯ ಕೆಳಗಿನ ಭಾಗವನ್ನು ಹೊಳೆಗೇ ಬಿಡಿ ಅಂತ ಹೇಳುವುದಕ್ಕೆ.

ಕಾರಣ ಗಾಜನೂರಿನಲ್ಲಿದೆ. ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ತುಂಗಾ ಡ್ಯಾಮ್ ಇದೆ, ಡ್ಯಾಮ್ ಇರುವಾಗ ನೆರೆಯ ಭಯ ಯಾಕೆ ಎಂದು ಓದಿದವರೇ ಕೇಳುತ್ತಾರೆ. ಆ ಡ್ಯಾಮಿನ ಪೂರ್ಣ ಮಟ್ಟ 588.24 ಮೀಟರ್, ಹಿಡಿಯುವ ನೀರು 3.24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಪಕ್ಕದ ಭದ್ರೆ 71 ಟಿಎಂಸಿಗೂ ಹೆಚ್ಚು ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ. ಜೋರು ಮಳೆಯಲ್ಲಿ 70,000 ಕ್ಯೂಸೆಕ್ ಒಳಹರಿವು ತುಂಗೆಗೆ ಹೊಸದೇನಲ್ಲ. ಸೆಕೆಂಡಿಗೆ ಸುಮಾರು 20 ಲಕ್ಷ ಲೀಟರ್ ನೀರು ಅದು. ಆ ಲೆಕ್ಕದಲ್ಲಿ ಬಂದರೆ ಪೂರ್ತಿ ಖಾಲಿಯಿದ್ದ ತುಂಗಾ ಡ್ಯಾಮ್ ಕೂಡ ಹದಿಮೂರು ತಾಸಿಗೆ ತುಂಬಿಬಿಡುತ್ತದೆ. ಭದ್ರಾ ಡ್ಯಾಮ್ ತುಂಬಲು ಹನ್ನೊಂದು ಹನ್ನೆರಡು ದಿನ ಬೇಕು. ಅದೂ ಅಲ್ಲದೆ ಆ ಹೊತ್ತಿಗೆ ತುಂಗಾ ಡ್ಯಾಮ್ ಖಾಲಿ ಇರುವುದಿಲ್ಲ, ರಾಜ್ಯದಲ್ಲಿ ಮೊದಲು ತುಂಬುವ ಡ್ಯಾಮ್‌ಗಳಲ್ಲಿ ಅದೂ ಒಂದು. ಅಂದರೆ ಶೃಂಗೇರಿ, ತೀರ್ಥಹಳ್ಳಿ ಸೀಮೆಯಲ್ಲಿ ಸುರಿದದ್ದು, ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಕಡೆಯಿಂದ ಮಾಲತಿ ಹೊಳೆ ತಂದು ಸೇರಿಸಿದ್ದು, ಎಲ್ಲವೂ ಡ್ಯಾಮಿನ 22 ಗೇಟುಗಳನ್ನು ದಾಟಿ ನೇರ ನಮ್ಮ ಊರೊಳಗೆ ಬರುತ್ತದೆ. ಗೇಟು ತೆಗೆಯುವವರಿಗೆ ಬೇರೆ ದಾರಿ ಇಲ್ಲ. ತುಂಗೆಯ ನೆರೆಯನ್ನು ಆ ಡ್ಯಾಮ್ ತಡೆಯಲಾರದು.

ಇದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅದಕ್ಕೇ ಇವತ್ತಿಗೂ ಶಿವಮೊಗ್ಗದಲ್ಲಿ ಜೋರು ಮಳೆ ಹಿಡಿದ ಮೂರನೆ ದಿನಕ್ಕೆ ಕೇಳುವ ಮಾತು "ಮಂಟಪ ಮುಳುಗ್ತಾ?" ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿರುವ ಕಲ್ಲಿನ ಮಂಟಪವೇ ನೀರಿನ ಮಟ್ಟ ಅಳೆಯುವ ನಮ್ಮ ಊರಿನ ಗೇಜ್ ಪಟ್ಟಿ. ಕಂಬ ಅರ್ಧ ಮುಳುಗಿದರೆ ಕೆಳಗಿನ ಬೀದಿಯವರು ಅಕ್ಕಿ ಮೂಟೆ ಅಟ್ಟಕ್ಕೆ ಏರಿಸುತ್ತಾರೆ, ಮೇಲಿನ ಚಪ್ಪಡಿಯೂ ಮುಳುಗಿದರೆ ಮನೆ ಬಿಡುತ್ತಾರೆ. ಇಡೀ ಊರು ಕೊಡೆ ಹಿಡಿದು ನೋಡಲು ಬರುತ್ತದೆ. ಜೋಳ ಸುಡುವವನಿಗೆ ಅವತ್ತು ಭರ್ಜರಿ ವ್ಯಾಪಾರ.

2019ರ ಆಗಸ್ಟ್‌ನಲ್ಲಿ ಆದದ್ದನ್ನು ನೋಡಿದವರು ಮರೆತಿರಲಾರರು. ಕುಂಬಾರಗುಂಡಿ, ಇಮಾಮ್‌ಬಾಡಾ, ಸೀಗೆಹಟ್ಟಿ, ಶಾಂತಮ್ಮ ಲೇಔಟ್, ನಮ್ಮ ವಿದ್ಯಾನಗರದ ತಗ್ಗಿನ ರಸ್ತೆಗಳು, ಎಲ್ಲ ಕಡೆ ನೀರು. ನಮ್ಮ ರಸ್ತೆಯಲ್ಲಿ ಮೊಣಕಾಲಿನ ಮೇಲೆ ಬಂದಿತ್ತು. ಎದುರು ಮನೆಯ ಅಜ್ಜಿಯನ್ನು ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಆಕೆ "ನನ್ನ ಉಪ್ಪಿನಕಾಯಿ ಜಾಡಿ ಎತ್ತಿಡ್ರೋ" ಎಂದು ಕೂಗುತ್ತಲೇ ಇದ್ದರು. ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿದ ಕಂದು ಗೆರೆಯನ್ನು ನಾನು ಬಳಿಸಿಲ್ಲ, ಹಿತ್ತಲ ಗೋಡೆಯಲ್ಲಿ ಈಗಲೂ ಇದೆ. ಪಾಲಿಕೆಯವರು ಬಂದರೆ ಟೇಪು ಹಿಡಿದು ಅಳೆದುಕೊಳ್ಳಬಹುದು.

ಮುಂದಿನ ನಕ್ಷೆಯಲ್ಲಿ ಮೊದಲು ಎಳೆಯಬೇಕಾದ್ದು ಆ ಗೆರೆಯನ್ನೇ. ದಾರಿ ಎಲ್ಲಿ, ದೀಪ ಎಲ್ಲಿ, ತಿಂಡಿ ಅಂಗಡಿ ಎಲ್ಲಿ ಎಂಬುದೆಲ್ಲ ಆಮೇಲೆ. ಪಂಪ್‌ಹೌಸಿನಲ್ಲಿ ಮೋಟರು, ಸ್ಟಾರ್ಟರು, ಪ್ಯಾನೆಲ್ ಬೋರ್ಡು ಎಲ್ಲ ಅತಿ ಹೆಚ್ಚಿನ ನೆರೆಯ ಮಟ್ಟಕ್ಕಿಂತ ಮೇಲೆಯೇ ಇರುತ್ತವೆ. ನೀರಿನಲ್ಲಿ ಇರಬೇಕಾದ್ದು ಮಾತ್ರ ನೀರಿನಲ್ಲಿ. ನೂರು ವರ್ಷದ ಹಿಂದೆ ಪಂಪ್ ಕೂರಿಸಿದವರೂ ಪಾಲಿಸಿದ ನಿಯಮ ಇದು. ಉದ್ಯಾನಕ್ಕೂ ಇದನ್ನೇ ಹಾಕಿ. ನೆರೆ ಬರುವ ಮಟ್ಟದ ಕೆಳಗೆ ವೈರು, ಜಂಕ್ಷನ್ ಬಾಕ್ಸು, ಸಂಗೀತ ಕಾರಂಜಿಯ ಪಂಪು, ಗಾಜಿನ ಕಟಕಟೆ, ಅಂಟಿಸಿದ ಟೈಲ್ಸು ಯಾವುದೂ ಬೇಡ. ನೆರೆ ಒಮ್ಮೆ ಬಂದು ಹೋದರೆ ಸಾಕು, ಟೈಲ್ಸ್ ಅಡಿಯ ಮರಳು ತೊಳೆದುಹೋಗಿ ಒಂದೊಂದೇ ಕಳಚುತ್ತದೆ. ದೀಪದ ಕಂಬದೊಳಗೆ ನೆರೆ ತಂದ ಕೆಸರು, ಅಂದರೆ ರೇವೆ, ಹೊಕ್ಕರೆ ಅದನ್ನು ಬಿಚ್ಚಿ ಒಣಗಿಸುವವರು ಯಾರು? ಹೊಸದು ತರುತ್ತಾರೆ. ಹೊಸದಕ್ಕೆ ಟೆಂಡರು, ಟೆಂಡರಿಗೆ ಆರು ತಿಂಗಳು, ಅಷ್ಟರಲ್ಲಿ ಮುಂದಿನ ಮಳೆಗಾಲ.

ಕೆಳಗೆ ಇರಬೇಕಾದ್ದು ದಪ್ಪ ಕಲ್ಲಿನ ಮೆಟ್ಟಿಲು, ಕಲ್ಲಿನ ಕಟ್ಟೆ, ಹುಲ್ಲು, ಮರ. ನೀರು ಬಂದಾಗ ಮುಳುಗುತ್ತವೆ, ಇಳಿದಾಗ ನಾಲ್ಕು ಜನ ಸಲಿಕೆ ಹಿಡಿದು ರೇವೆ ಎಳೆದರೆ ಮತ್ತೆ ಸಿದ್ಧ. ರೇವೆಯನ್ನು ಗಿಡಕ್ಕೆ ಹಾಕಿದರೆ ಗೊಬ್ಬರಕ್ಕಿಂತ ಮೇಲು. ಕೋಟೆಯ ಕಡೆ ಭೀಮೇಶ್ವರ ದೇವಸ್ಥಾನದ ಹತ್ತಿರ ಹೊಳೆಗಿಳಿಯುವ ಹಳೆಯ ಕಲ್ಲುಗಳನ್ನು ನೋಡಿ. ಎಷ್ಟು ನೆರೆ ಕಂಡಿವೆಯೋ, ಯಾವುದಕ್ಕೂ ರಿಪೇರಿ ಬಿಲ್ ಆಗಿಲ್ಲ.

ಇನ್ನೊಂದು ಮಾತು ನಮ್ಮ ಈಚೆ ದಡದ್ದು. "ಆಚೆ ಮಾಡಿದ ಹಾಗೆ ನಮಗೂ ಗೋಡೆ ಕಟ್ಟಿ ದಾರಿ ಮಾಡಿಕೊಡಿ" ಎಂದು ನಮ್ಮ ಬಡಾವಣೆಯಲ್ಲೇ ಕೆಲವರು ಕೇಳುತ್ತಿದ್ದಾರೆ. ಅವರ ಆಸೆ ತಪ್ಪಲ್ಲ. ಆದರೆ ಹೊಳೆಯ ಪಾತ್ರಕ್ಕೆ ಹತ್ತು ಅಡಿ ಒಳಗೆ ಬಂದು ಗೋಡೆ ಕಟ್ಟಿದರೆ ಆ ಹತ್ತು ಅಡಿಯ ನೀರು ಎಲ್ಲಾದರೂ ಹೋಗಲೇಬೇಕಲ್ಲ? ಎದುರು ದಡಕ್ಕೆ ತಳ್ಳುತ್ತದೆ, ಇಲ್ಲವೇ ಮಟ್ಟ ಏರಿಸುತ್ತದೆ. ಎರಡೂ ದಡಕ್ಕೆ ಗೋಡೆ ಕಟ್ಟಿದರೆ ಸೇತುವೆಯ ಕಂಬಗಳ ನಡುವೆ ಓಟ ಹೆಚ್ಚಿ ಬುಡದ ಮಣ್ಣು ಕೊರೆಯುತ್ತದೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಗದ್ದೆಯ ಕಾಲುವೆಯಲ್ಲಿ ನೀರು ತಿರುಗಿಸಿದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಸಭೆಗಳಲ್ಲಿ ಅಹಮದಾಬಾದಿನ ಸಾಬರಮತಿಯ ಹೆಸರು ಬರುತ್ತದೆ. ನಾನೂ ಪ್ರವಾಸಕ್ಕೆ ಹೋದಾಗ ನೋಡಿ ಬಂದಿದ್ದೇನೆ, ಅಚ್ಚುಕಟ್ಟಾಗಿದೆ. ಎರಡೂ ದಂಡೆಗೆ ಹನ್ನೊಂದು ಕಿಲೋಮೀಟರ್ ಮೇಲೆ ಕಾಂಕ್ರೀಟ್, ನದಿಯ ಅಗಲವನ್ನು ಒಂದೇ ಸಮ 263 ಮೀಟರ್‌ಗೆ ತಂದಿದ್ದಾರೆ. ಆದರೆ ಅಲ್ಲಿ ತುಂಬಿಕೊಂಡು ನಿಂತಿರುವುದು ನರ್ಮದಾ ಕಾಲುವೆಯಿಂದ ತಂದು ಬಿಟ್ಟ ನೀರು, ಕೆಳಗೆ ವಾಸಣಾ ಬ್ಯಾರೇಜು ಅದನ್ನು ಹಿಡಿದು ನಿಲ್ಲಿಸಿದೆ. ಬೇಸಿಗೆಯಲ್ಲಿ ಒಣಗಿ ಮರಳಾಗುತ್ತಿದ್ದ ನದಿಗೆ ಆ ಊರಿನವರು ಕಂಡುಕೊಂಡ ದಾರಿ ಅದು. ನಮ್ಮದು ಮಲೆನಾಡಿನ ಹೊಳೆ. ಮಾರ್ಚ್‌ನಲ್ಲಿ ಬಂಡೆಗಳ ನಡುವೆ ಹಾರಿ ಅರ್ಧ ಹೊಳೆ ದಾಟಬಹುದು, ಜುಲೈಯಲ್ಲಿ ಅದೇ ಬಂಡೆಯ ಮೇಲೆ ಎರಡಾಳು ನೀರು. ಅಲ್ಲಿಯ ನಕ್ಷೆಗೂ ಇಲ್ಲಿಯ ಹೊಳೆಗೂ ತಾಳೆಯಾಗುವುದಿಲ್ಲ.

ಇನ್ನು ಚರಂಡಿ. ಬರೆಯಲು ಮುಜುಗರ, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳು. ಮಂಡ್ಲಿಯಲ್ಲಿ ನಾವು ನೀರೆತ್ತುವುದು ಊರಿನ ಮೇಲ್ಗಡೆ. ಊರು ದಾಟುವಷ್ಟರಲ್ಲಿ ರಾಜಕಾಲುವೆಗಳು ಒಂದೊಂದಾಗಿ ಬಂದು ಸೇರುತ್ತವೆ. ನಾವು ಕುಡಿಯುವುದು ಮೇಲಿನ ನೀರು, ಕೆಳಗಿನವರಿಗೆ ಕಳಿಸುವುದು ಇದು. ಕೂಡ್ಲಿಯಲ್ಲಿ ತುಂಗೆ ಭದ್ರೆಗೆ ಸೇರುವ ಜಾಗದಲ್ಲಿ ಮೀಯುವವರಿಗೆ, ಹೊನ್ನಾಳಿಗೆ, ಹರಿಹರಕ್ಕೆ, ದಾವಣಗೆರೆಯ ನಲ್ಲಿಗಳಿಗೆ ಹೋಗುವುದೂ ಇದೇ. ಗಂಗಾ ಸ್ನಾನ ತುಂಗಾ ಪಾನ ಎಂದು ಭಾಷಣದಲ್ಲಿ ಹೇಳುವವರನ್ನು ಒಂದು ಸಂಜೆ ಸೇತುವೆ ಕೆಳಗಿನ ಕಾಲುವೆಯ ಬಾಯಿಗೆ ಕರೆದುಕೊಂಡು ಹೋಗಬೇಕು. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ನಡೆದುಕೊಂಡು ನಮ್ಮ ಊರಿನ ಮೇಲೆ ಹೋದರು. ಸ್ವಾಗತ, ಶಾಲು, ಘೋಷಣೆ ಎಲ್ಲ ಚೆನ್ನಾಗಿಯೇ ಆಯಿತು.

ಒಳಚರಂಡಿ ಇದೆ, ತ್ಯಾವರೆಚಟ್ನಹಳ್ಳಿಯಲ್ಲಿ ಶುದ್ಧೀಕರಣ ಘಟಕವೂ ಇದೆ. ಘಟಕದವರೆಗೆ ಹೊಲಸು ತಲುಪಬೇಕಲ್ಲ. ಹಳೆಯ ಬೀದಿಗಳಲ್ಲಿ ಎಷ್ಟೋ ಮನೆಗಳ ಬಚ್ಚಲು, ಕಕ್ಕಸಿನ ಪೈಪುಗಳು ಇನ್ನೂ ಮಳೆನೀರಿನ ಚರಂಡಿಗೇ ಜೋಡಿಸಿಕೊಂಡಿವೆ. ಆ ಮನೆಯವರನ್ನು ಬೈದು ಪ್ರಯೋಜನವಿಲ್ಲ, ಪೈಪು ಮನೆಯ ಹಿಂದೆ, ಮ್ಯಾನ್‌ಹೋಲ್ ಮುಂದೆ, ನಡುವೆ ಇಡೀ ಮನೆಯ ನೆಲ ಅಗೆಯಬೇಕು, ಆ ಖರ್ಚು ಯಾರದ್ದು? ದಂಡೆಗೆ ಮುಂದೆ ಬರುವ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ. ಹೊಳೆಗೆ ಸೇರುವ ಪ್ರತಿ ಕಾಲುವೆಯ ಬಾಯಿಗೂ ನಂಬರ್ ಬರೆಯಿರಿ, ಬೇಸಿಗೆಯಲ್ಲಿ ಅದರಲ್ಲಿ ನೀರು ಹರಿಯುತ್ತಿದೆಯೇ ನೋಡಿ. ಮಳೆನೀರಿನ ಕಾಲುವೆಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರಿದ್ದರೆ ಅದು ಮಳೆಯದ್ದಲ್ಲ, ಇದನ್ನು ಕಂಡುಹಿಡಿಯಲು ಲ್ಯಾಬ್ ಬೇಡ. ಅಂಥ ಬಾಯಿಗಳಿಗೆ ಬೇಸಿಗೆಯ ಹರಿವನ್ನು ತಡೆದು ಒಳಚರಂಡಿಗೆ ತಿರುಗಿಸುವ ತೊಟ್ಟಿ ಕಟ್ಟಬಹುದು, ಮಳೆಗಾಲದ ನೀರು ಅದರ ಮೇಲೆ ಹಾರಿ ಹೋಗಲಿ. ನಮ್ಮ ಕೆಲಸದವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಮೂಗು ಮುಚ್ಚಿಕೊಂಡು ನಡೆಯುವ ದಾರಿಗೆ ಬಣ್ಣದ ದೀಪ ಹಾಕಿದರೆ ಹೊಲಸು ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಹೊಳೆಯನ್ನು ನೋಡಲು ಮಾತ್ರ ಬರುವವರಿಗೆ ನಾವು ದಂಡೆ ಕಟ್ಟುತ್ತಿದ್ದೇವೆ ಎಂಬ ಅನುಮಾನ ನನಗೆ. ಹೊಳೆಗೆ ಇಳಿಯುವವರೂ ಇದ್ದಾರೆ. ಬೆಳಗ್ಗೆ ಬಟ್ಟೆ ಒಗೆಯುವವರು, ಬಲೆ ಬಿಡುವವರು, ದಿನಕರ್ಮಕ್ಕೆ ಪಿಂಡ ಬಿಡಲು ಬಂದವರು, ಗುಡ್ಡೇಕಲ್ ಆಡಿಕೃತ್ತಿಕೆ ಜಾತ್ರೆಗೆ ಬಂದು ಕಾಲು ತೊಳೆಯುವವರು, ಬಾಗಿನ ಬಿಡುವ ಹೆಂಗಸರು, ಭೀಮನಮಡುವಿಗೆ ಗಣಪತಿ ತರುವವರು. ಬಟ್ಟೆ ಒಗೆಯುವ ಒಬ್ಬಾಕೆಯನ್ನು ಕೇಳಿದೆ, "ಹೊಸ ದಂಡೆ ಹ್ಯಾಗಿದೆ ಅಕ್ಕ?" ಆಕೆ ಬಕೆಟ್ ಕೆಳಗಿಡದೆ ಹೇಳಿದರು, "ಚಂದ ಐತಣ್ಣ. ನಮ್ ಕಲ್ಲಿಗೆ ಹೋಗಕ್ಕೆ ಸುತ್ ಹಾಕಂಡ್ ಹೋಗ್ಬೇಕು, ಅಷ್ಟೇಯ." ಮುಂದಿನ ನಕ್ಷೆ ಬರೆಯುವವರು ಆ ಸುತ್ತನ್ನು ಒಮ್ಮೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಡೆದು ನೋಡಲಿ. ಒಗೆಯುವ ಕಲ್ಲಿಗೆ, ಬಲೆ ಇಳಿಸುವ ಜಾಗಕ್ಕೆ, ಕರ್ಮಾಂತರದ ಜಾಗಕ್ಕೆ ನಕ್ಷೆಯಲ್ಲಿ ಹೆಸರು ಬರೆದು ಬಿಡಿ. ಒಗೆಯುವ ಕಟ್ಟೆಗೆ ಬೇರೆ ತೊಟ್ಟಿ, ಸೋಪಿನ ನೀರಿಗೆ ಬೇರೆ ದಾರಿ ಮಾಡಿಕೊಟ್ಟರೆ ಅವರಿಗೂ ಹೊಳೆಗೂ ಒಳ್ಳೆಯದು. ಅಂದ ಕೆಡುತ್ತದೆ ಎಂದು ಅವರನ್ನು ಎಬ್ಬಿಸಬೇಡಿ.

ಈಜಲು ಇಳಿಯುವ ಹುಡುಗರ ವಿಷಯ ಬೇರೆಯೇ. ಪ್ರತಿ ಬೇಸಿಗೆಯಲ್ಲೂ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೋ ಎರಡೋ ಸುದ್ದಿ ಬರುತ್ತದೆ, ಪರೀಕ್ಷೆ ಮುಗಿಸಿ ಹೋದವರು. "ಇಲ್ಲಿ ಈಜಬಾರದು" ಎಂಬ ಬೋರ್ಡು ಹುಡುಗರನ್ನು ತಡೆಯುವುದಿಲ್ಲ, ನನ್ನನ್ನೂ ತಡೆದಿರಲಿಲ್ಲ. ತುಂಗೆಯ ತಳ ಸಮ ಅಲ್ಲ. ಸೊಂಟದುದ್ದ ನೀರಿನಿಂದ ಎರಡು ಹೆಜ್ಜೆಗೆ ಮಡು, ಬಂಡೆಯ ಪಕ್ಕದಲ್ಲಿ ಸುಳಿ. ಹಳಬರಿಗೆ ಮಡುಗಳು ಎಲ್ಲಿವೆ ಎಂದು ಗೊತ್ತು, ನಿನ್ನೆ ಊರಿಗೆ ಬಂದ ಹಾಸ್ಟೆಲ್ ಹುಡುಗನಿಗೆ ಗೊತ್ತಿಲ್ಲ. ಆಳ ತೋರಿಸುವ ಕಂಬ, ಮೆಟ್ಟಿಲ ಬುಡದಲ್ಲಿ ಹಿಡಿದುಕೊಳ್ಳಲು ಸರಪಳಿ, ತೂಗುಹಾಕಿದ ಟ್ಯೂಬು ಮತ್ತು ಹಗ್ಗ, ಬೇಸಿಗೆಯ ಎರಡು ತಿಂಗಳು ಈಜು ಬಲ್ಲ ಇಬ್ಬರು ಕಾವಲಿಗೆ. ಕೆಲಸಕ್ಕೆ ಮೀನು ಹಿಡಿಯುವ ಮನೆಗಳ ಹುಡುಗರನ್ನೇ ತೆಗೆದುಕೊಳ್ಳಿ, ಹೆಣ ಹುಡುಕಲು ಹೇಗೂ ಅವರನ್ನೇ ಕರೆಯುತ್ತೀರಿ. ಮಳೆಗಾಲಕ್ಕೆ ಇನ್ನೂ ಸುಲಭದ್ದೊಂದಿದೆ. ಗಾಜನೂರಿನಿಂದ ಇವತ್ತು ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಎಂದು ದಂಡೆಯ ಪ್ರತಿ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆಯುವುದು. ಆ ಅಂಕಿ ದಿನಾ ಬೆಳಗ್ಗೆ ಇಲಾಖೆಯಲ್ಲಿ ಇರುತ್ತದೆ, ಪತ್ರಿಕೆಗಳಿಗೂ ಬರುತ್ತದೆ. ಸೀಮೆಸುಣ್ಣದ ಖರ್ಚು ಬೇಕಾದರೆ ನಾನು ಕೊಡುತ್ತೇನೆ.

ನನ್ನ ಹೆಂಡತಿಗೆ ಪಾರ್ಶ್ವವಾಯು ಆಗಿ ಗಾಲಿಕುರ್ಚಿಯಲ್ಲಿದ್ದಾಳೆ. ತವರು ತೀರ್ಥಹಳ್ಳಿ, ಹೊಳೆಯ ಪಕ್ಕದಲ್ಲೇ ಬೆಳೆದವಳು, ಎಳ್ಳಮಾವಾಸ್ಯೆ ಜಾತ್ರೆ ತಪ್ಪಿಸಿದವಳಲ್ಲ. ಹೊಳೆ ನೋಡಬೇಕು ಎಂದು ಅವಳು ಬಾಯಿಬಿಟ್ಟು ಕೇಳುವುದಿಲ್ಲ, ನನಗೆ ಗೊತ್ತು. ಒಂದು ಉದ್ಯಾನಕ್ಕೆ ಕರೆದುಕೊಂಡು ಹೋದೆ, ಯಾವ ಊರಿನದ್ದು ಅಂತ ಬೇಡ. ಇಳಿಜಾರು ದಾರಿ ಇತ್ತು. ಅದರ ಬಾಯಿಗೆ ಬೈಕು ಬಾರದಿರಲಿ ಎಂದು ಕಬ್ಬಿಣದ ಕಂಬ ನೆಟ್ಟಿದ್ದರು, ಬೈಕು ಪಕ್ಕದಿಂದ ನುಸುಳಿ ಹೋಗುತ್ತಿತ್ತು, ಕುರ್ಚಿ ಹೋಗಲಿಲ್ಲ. ಕಾವಲಿನವ ಒಳ್ಳೆಯವ, "ಎತ್ಕೊಂಡ್ ಹೋಗಣ ಬನ್ನಿ ಅಜ್ಜ" ಎಂದ. ಅವಳು ಬೇಡವೆಂದಳು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬ ಲೆಕ್ಕ ಎಲ್ಲ ಎಂಜಿನಿಯರುಗಳಿಗೂ ಗೊತ್ತು. ಹದಿನೈದು ಅಡಿಯ ದಂಡೆಗೆ ನೂರ ಎಂಬತ್ತು ಅಡಿ, ನಡುನಡುವೆ ನಿಲ್ಲುವ ಜಾಗ ಬೇರೆ. ಇಷ್ಟು ಉದ್ದದ ಇಳಿಜಾರನ್ನು ಕೊನೆಯಲ್ಲಿ ತುರುಕಲು ಆಗುವುದಿಲ್ಲ, ನಕ್ಷೆಯ ಮೊದಲ ದಿನವೇ ಅದಕ್ಕೆ ಜಾಗ ಬಿಡಬೇಕು. ಅದು ನೀರಿನ ಅಂಚಿನವರೆಗೂ ಹೋಗಲಿ, ಮೇಲಿನ ಕಟಕಟೆಗೆ ನಿಲ್ಲುವುದು ಬೇಡ. ಹೆಂಗಸರಿಗೆ ನೀರು ಬರುವ ಶೌಚಾಲಯ ಬೇಕು ಎಂಬುದನ್ನು ಹೇಳುವ ಅಗತ್ಯ ಇರಬಾರದಿತ್ತು.

ಮರಗಳ ಬಗ್ಗೆ ಚಿಕ್ಕದಾಗಿ. ಹೊಳೆದಂಡೆಗೆ ಅಲಂಕಾರದ ತಾಳೆ ಜಾತಿ, ಕತ್ತರಿಸಿದ ಬೇಲಿಗಿಡ ಬೇಡ. ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆ, ಹೊಳೆದಾಸವಾಳ, ಅಂಚಿಗೆ ಲಕ್ಕಿ. ನೀರಿನಲ್ಲಿ ವಾರ ನಿಂತರೂ ಸಾಯದ, ಬೇರಿನಲ್ಲಿ ಮಣ್ಣು ಹಿಡಿಯುವ ಮರಗಳಿವು. ಮಂಡ್ಲಿಯಿಂದ ಮೇಲೆ ತೀರ್ಥಹಳ್ಳಿ ರಸ್ತೆಯಲ್ಲಿ ಹೋದರೆ ತಾವಾಗಿ ಬೆಳೆದು ನಿಂತಿರುವುದನ್ನು ಈಗಲೂ ನೋಡಬಹುದು. ಹಾಗೆಯೇ ದಂಡೆಯ ಒಂದು ಭಾಗವನ್ನು ದೀಪವಿಲ್ಲದೆ ಕತ್ತಲಾಗಿ ಬಿಡಿ. ಇದೇ ನೀರು ಕೆಳಗೆ ಹರಿದು ತುಂಗಭದ್ರೆಯಾದ ಮೇಲೆ ಬಳ್ಳಾರಿ, ಕೊಪ್ಪಳ ಸೀಮೆಯಲ್ಲಿ ನೀರುನಾಯಿಗಳಿಗೆಂದೇ 2015ರಲ್ಲಿ ಸರ್ಕಾರ ಹೊಳೆಯ ಒಂದು ಉದ್ದವನ್ನು ಮೀಸಲಿಟ್ಟಿದೆ. ಊರೊಳಗಿನ ಹೊಳೆಗೆ ನಾನು ಅಷ್ಟು ಕೇಳುತ್ತಿಲ್ಲ. ಮೀನಿಗೆ, ಹಕ್ಕಿಗೆ ಅರ್ಧ ಕಿಲೋಮೀಟರ್ ಕತ್ತಲೆ.

ದುಡ್ಡಿನ ವಿಷಯಕ್ಕೆ ಬಂದರೆ, ನಿರ್ವಹಣೆಗೆ ಹಣವಿಲ್ಲ, ಹಾಗಾಗಿ ಖಾಸಗಿಯವರಿಗೆ ಗುತ್ತಿಗೆ ಕೊಡೋಣ, ಅವರು ಟಿಕೆಟ್ ಇಡಲಿ, ಆಟದ ಯಂತ್ರ ಹಾಕಲಿ, ಮದುವೆ ಆರತಕ್ಷತೆಗೆ ಬಾಡಿಗೆ ಕೊಡಲಿ ಎಂಬ ಮಾತು ಇಂಥ ಜಾಗಗಳ ಬಗ್ಗೆ ಎಲ್ಲ ಊರಿನಲ್ಲೂ ಬರುತ್ತದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೊಂದಿದೆ, ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಯಾರಾದರೂ ಗಟ್ಟಿಯಾಗಿ ಓದಲಿ. ತಲೆಗೆ ಇಪ್ಪತ್ತು ರೂಪಾಯಿ ಅಂದರೆ ನನಗೆ ಏನೂ ಅಲ್ಲ, ಪಿಂಚಣಿ ಬರುತ್ತದೆ. ಗಾರೆ ಕೆಲಸ ಮುಗಿಸಿ ಹೆಂಡತಿ, ಮೂರು ಮಕ್ಕಳನ್ನು ಕರೆದುಕೊಂಡು ಬರುವವನಿಗೆ ಅದು ನೂರು ರೂಪಾಯಿ. ಅವನು ಬರುವುದನ್ನು ನಿಲ್ಲಿಸುತ್ತಾನೆ, ನಿಲ್ಲಿಸಿದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಕಡಲೆಪುರಿ, ಮಂಡಕ್ಕಿ, ಜೋಳದ ಗಾಡಿಯವರಿಂದ ನ್ಯಾಯವಾದ ಶುಲ್ಕ ತೆಗೆದುಕೊಳ್ಳಿ, ಅವರಿಗೆ ಜಾಗ ಗುರುತಿಸಿ ಕೊಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಆ ಜಾಗ ತೀರ್ಮಾನಿಸುವ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ನಿರ್ವಹಣೆಗೆ ನಿಜಕ್ಕೂ ಬೇಕಾದ್ದು ದೊಡ್ಡ ಮೊತ್ತವಲ್ಲ, ತಪ್ಪದೆ ಬರುವ ಮೊತ್ತ: ಮಾಲಿಗಳ ಸಂಬಳ, ನೆರೆಯ ನಂತರ ರೇವೆ ತೆಗೆಯುವ ಕೂಲಿ, ಕಸದ ಗಾಡಿ. ಪಾಲಿಕೆಯ ಬಜೆಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಇರಲಿ, "ಇತರೆ"ಯೊಳಗೆ ಸೇರಿಸಬೇಡಿ.

ಇದನ್ನೆಲ್ಲ ಯಾರಿಗೆ ಹೇಳುವುದು ಎಂಬುದೇ ತೊಡಕು. ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು. ಮೊದಲಾದರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗಿ ಜಗಳವಾಡಬಹುದಿತ್ತು, ಅವರೂ ಓಟಿಗಾಗಿ ಕೇಳಿಸಿಕೊಳ್ಳುತ್ತಿದ್ದರು. ಅಧಿಕಾರಿಗಳು ಕೆಟ್ಟವರೆಂದಲ್ಲ, ಅವರಿಗೆ ವರ್ಗಾವಣೆ ಇದೆ, ನಮಗಿಲ್ಲ. ನೀರಾವರಿ ಇಲಾಖೆ, ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಒಳಚರಂಡಿ ಮಂಡಳಿ, ನಾಲ್ವರಿಗೂ ಹೊಳೆಯ ಮೇಲೆ ಒಂದೊಂದು ಹಕ್ಕಿದೆ. ನಾಲ್ವರೂ ಒಂದೇ ಮೇಜಿಗೆ ಬಂದು ಕೂತದ್ದನ್ನು ನನ್ನ ಸರ್ವಿಸಿನಲ್ಲಿ ನೆರೆ ಬಂದಾಗ ಮಾತ್ರ ನೋಡಿದ್ದೇನೆ.

ಹಾಗಾಗಿ ಕೇಳುವುದು ಇಷ್ಟು. ಮುಂದಿನ ನಕ್ಷೆ ಯಾವುದೇ ಇರಲಿ, ಅಂತಿಮ ಮಾಡುವ ಮುನ್ನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, 2019ರ ನೆರೆಯ ಮಟ್ಟವನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ದಂಡೆಯ ಮೇಲೆಯೇ ತೂಗುಹಾಕಿ. ಅದೇ ಮಟ್ಟವನ್ನು ಸೇತುವೆಯ ಕಂಬಕ್ಕೂ ದಾರಿಯ ಗೋಡೆಗಳಿಗೂ ಬಳಿಯಿರಿ, ಆಗ ಯಾವ ಕಟ್ಟಡ ಎಷ್ಟು ನೀರಿನಲ್ಲಿ ನಿಲ್ಲುತ್ತದೆ ಎಂದು ಎಲ್ಲರಿಗೂ ಕಾಣುತ್ತದೆ. ಜನರ ಸಭೆ ಕರೆಯಿರಿ. ಅದನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯ ಮೂರನೆ ಮಹಡಿಯಲ್ಲಿ ಇಟ್ಟರೆ ನನ್ನಂಥ ಪಿಂಚಣಿದಾರರು ಮತ್ತು ಕಂಟ್ರಾಕ್ಟರುಗಳು ಮಾತ್ರ ಬರುತ್ತಾರೆ. ಭಾನುವಾರ ಸಂಜೆ ಐದಕ್ಕೆ ಕೋರ್ಪಲಯ್ಯನ ಛತ್ರದ ಹತ್ತಿರ ಇಡಿ, ಕುಂಬಾರಗುಂಡಿಯವರೂ ಬಲೆಯವರೂ ಬಟ್ಟೆ ಒಗೆಯುವವರೂ ಬರುತ್ತಾರೆ. ಮಂಡ್ಲಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಳಬರು ಇನ್ನೂ ಮೂರ್ನಾಲ್ಕು ಜನ ಇದ್ದೇವೆ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಜಾಗದಲ್ಲೇ ನಿಂತು ತೋರಿಸಲು ಸಿದ್ಧ. ಜೂನ್‌ಗೆ ಮೊದಲು ಆದರೆ ಒಳ್ಳೆಯದು, ಆಮೇಲೆ ಅಲ್ಲಿ ನಿಲ್ಲಲು ಆಗುವುದಿಲ್ಲ.

ಇಂತಿ,
ನಿವೃತ್ತ ಪಂಪ್ ಆಪರೇಟರ್,
ವಿದ್ಯಾನಗರ, ಶಿವಮೊಗ್ಗ